‘ಡೆವ್‌ಎಂ ಹಾಕಿದ್ದೇವೆ, ತಾನೇ ಕ್ಲೀನ್ ಆಗುತ್ತೆ’ ಅಂದರೆ ನಂಬಬೇಡಿ

ಲಿನಕ್ಸ್ ಡ್ರೈವರ್ ಬರೆಯಲು ಹೊರಗಿನವರಿಗೆ ಕೊಡುವವರು ದಯವಿಟ್ಟು ಓದಿ. ಡೆವ್‌ಎಂ ಅಂದರೆ ಡ್ರೈವರ್ ಪಡೆದ ಮೆಮೊರಿ, ಫೈಲ್‌ಗಳನ್ನು ಕೊನೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ತಾನೇ ಬಿಡಿಸುವ ವ್ಯವಸ್ಥೆ. ಎರಡು ವಾರವಾಯ್ತು, ನನಗಿನ್ನೂ ಸಿಟ್ಟು ಇಳಿದಿಲ್ಲ.

ಬೆಂಗಳೂರಿನಲ್ಲಿ ನಮ್ಮದು ಸಣ್ಣ ತಂಡ. ಯುಎಸ್‌ಬಿ ತಾಪಮಾನ ಬೋರ್ಡ್ ಮಾಡುತ್ತೇವೆ. ಅದರ ಡ್ರೈವರ್ ಕೆಲಸವನ್ನು ಗುತ್ತಿಗೆಗೆ ಕೊಟ್ಟೆವು. 1,20,000 ರೂಪಾಯಿ, ಅರ್ಧ ಮುಂಗಡ. ಅಳತೆ, ಮಿತಿ, ಕ್ಯಾಲಿಬ್ರೇಷನ್ ಅಂತ 5 ಆಟ್ರಿಬ್ಯೂಟ್‌ಗಳು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಒಳಗಿನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಫೈಲ್ ಆಗಿ ಕಾಣಬೇಕಿತ್ತು.

ಮೊದಲು ಕೊಟ್ಟದ್ದರಲ್ಲಿ ಪ್ರೋಬ್ (ಬೋರ್ಡ್ ಸಿಕ್ಕಾಗ ಓಡುವ ಡ್ರೈವರ್‌ನ ಶುರುವಿನ ಫಂಕ್ಷನ್) ಅರ್ಧದಲ್ಲಿ ಸೋತರೆ ಅಲ್ಲಿವರೆಗೆ ಮಾಡಿದ ಫೈಲ್‌ಗಳು ಹಾಗೇ ಉಳಿಯುತ್ತಿದ್ದವು. ಮತ್ತೆ ಲೋಡ್ ಮಾಡಿದರೆ ಅದೇ ಹೆಸರಿನ ಫೈಲ್ ಇದೆ ಅಂತ ಎರರ್, ಮೈನಸ್ 17. ಹೇಳಿದೆ. ಎರಡೇ ದಿನಕ್ಕೆ ಉತ್ತರ ಬಂತು: "ಆಟ್ರಿಬ್ಯೂಟ್ ಎಲ್ಲಾ ಡೆವ್‌ಎಂಗೆ ಬದಲಾಯಿಸಿದ್ದೇವೆ ಸರ್. ಇನ್ನು ಕ್ಲೀನಪ್ ತಲೆನೋವೇ ಇಲ್ಲ."

ನಂಬಿದೆ. 50 ಸಲ ಲೋಡ್, ಅನ್‌ಲೋಡ್ ಮಾಡಿ ನೋಡಿದೆ. ಏನೂ ಆಗಲಿಲ್ಲ. ಸಹಿ ಹಾಕಿದೆ, ಉಳಿದ ದುಡ್ಡೂ ಕಳಿಸಿದೆ.

ಆಮೇಲೆ ಗ್ರಾಹಕರ ಮುಂದೆ ಡೆಮೋ. ನಮ್ಮ ಪ್ರೋಗ್ರಾಂ ಅಳತೆಯ ಫೈಲನ್ನು ಸೆಕೆಂಡಿಗೆ 100 ಸಲ ಓದುತ್ತಿತ್ತು. "ಕೇಬಲ್ ಕಿತ್ತು ನೋಡಿ, ಏನೂ ಆಗಲ್ಲ" ಅಂದವನು ನಾನೇ. ಅವರು ಕಿತ್ತರು. ಕರ್ನಲ್ ಊಪ್ಸ್, ಅಂದರೆ ಕರ್ನಲ್ ಒಳಗೇ ಎಡವಟ್ಟು! ಪರದೆ ತುಂಬಾ ಸ್ಟ್ಯಾಕ್ ಟ್ರೇಸ್. ಯಾರೂ ಮಾತಾಡಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ.

ಅವತ್ತು ರಾತ್ರಿ ಕೇಸನ್ (ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿದೆ. ಯೂಸ್ ಆಫ್ಟರ್ ಫ್ರೀ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಬಳಸುವುದು, ಅದೂ ಫೈಲ್ ಓದಿದಾಗ ಓಡುವ ಶೋ ಫಂಕ್ಷನ್‌ನಲ್ಲೇ. ಕೇಬಲ್ ಕಿತ್ತಾಗ ಓಡುವ ಡಿಸ್‌ಕನೆಕ್ಟ್ ಫಂಕ್ಷನ್ ತೆರೆದರೆ ಮೊದಲ ಸಾಲೇ ಕೆಫ್ರೀ, ಮೆಮೊರಿ ಬಿಟ್ಟುಕೊಡುವ ಕರೆ. ಫೈಲ್‌ಗಳು ಡೆವ್‌ಎಂ ಪಾಲಿಗೆ, ಮೆಮೊರಿ ಮಾತ್ರ ಕೈಯಾರೆ ಫ್ರೀ! ಡೆವ್‌ಎಂ ಬಿಡಿಸುವ ಕೆಲಸ ಶುರುವಾಗುವುದೇ ಡಿಸ್‌ಕನೆಕ್ಟ್ ಮುಗಿದ ಮೇಲೆ. ಅಷ್ಟರ ತನಕ ಫೈಲ್ ಇದ್ದೇ ಇರುತ್ತದೆ, ಯಾರು ಬೇಕಾದರೂ ಓದಬಹುದು, ಒಳಗಿನ ಮೆಮೊರಿ ಮಾತ್ರ ಹೋಗಿರುತ್ತದೆ. ನಾನು 50 ಸಲ ಟೆಸ್ಟ್ ಮಾಡಿದಾಗ ಫೈಲ್ ಓದುವ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ. ಅದಕ್ಕೇ ಸಿಕ್ಕಿರಲಿಲ್ಲ. ತಲೆನೋವೇ ಇಲ್ಲ ಅಂದಿದ್ದರಲ್ವಾ?

ಗುತ್ತಿಗೆಯವರ ಉತ್ತರಗಳನ್ನು ಕೇಳಿ. "ಓಡ್ತಿರುವಾಗ ಕೇಬಲ್ ಯಾರು ಕೀಳ್ತಾರೆ ಸರ್?" ಯುಎಸ್‌ಬಿ ಕಣ್ರೀ ಅದು! ಮರುದಿನ: "ನಿಮ್ಮ ಪ್ರೋಗ್ರಾಂ ಜಾಸ್ತಿ ಓದುತ್ತೆ, ಕಮ್ಮಿ ಮಾಡಿ." ಆಮೇಲೊಂದು ಪ್ಯಾಚ್. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದುಕೊಂಡೇ ಫೈಲ್ ತೆಗೆಯುತ್ತದೆ. ಫೈಲ್‌ಗೆ ಬರೆದಾಗ ಓಡುವ ಸ್ಟೋರ್ ಫಂಕ್ಷನ್ನೂ ಅದೇ ಮ್ಯೂಟೆಕ್ಸ್ ಕೇಳುತ್ತದೆ. ಫೈಲ್ ತೆಗೆಯುವವನು ಸ್ಟೋರ್ ಮುಗಿಯಲಿ ಅಂತ ಕಾಯುತ್ತಾನೆ, ಸ್ಟೋರ್ ಮ್ಯೂಟೆಕ್ಸ್‌ಗೆ ಕಾಯುತ್ತದೆ. ಮೊದಲು ಊಪ್ಸ್ ಆಗುತ್ತಿದ್ದದ್ದು ಈಗ ಹ್ಯಾಂಗ್! ಕೊನೆಗೆ: "ಸೈನ್ ಆಫ್ ಆಗಿದೆ ಸರ್, ಇನ್ನು ಹೊಸ ಕೊಟೇಶನ್."

ನಾನೇ ಕೂತು ಸರಿ ಮಾಡಿದೆ. 5 ಆಟ್ರಿಬ್ಯೂಟ್‌ಗಳನ್ನೂ ಒಂದು ಗ್ರೂಪ್ ಮಾಡಿ ಡ್ರೈವರ್‌ನ ಡೆವ್ ಗ್ರೂಪ್ಸ್ ಅನ್ನುವ ಪಟ್ಟಿಗೆ ಕೊಟ್ಟೆ. 2019ರ 5.4 ಕರ್ನಲ್‌ನಿಂದಲೇ ಇದು ಇದೆ. ಪ್ರೋಬ್ ಗೆದ್ದ ಮೇಲೆ ಡ್ರೈವರ್ ಕೋರ್ (ಎಲ್ಲಾ ಡ್ರೈವರ್‌ಗಳನ್ನು ನೋಡಿಕೊಳ್ಳುವ ಕರ್ನಲ್ ಭಾಗ) ತಾನೇ ಫೈಲ್ ಮಾಡುತ್ತದೆ. ಡಿಸ್‌ಕನೆಕ್ಟ್ ಕರೆಯುವ ಮುಂಚೆಯೇ ತೆಗೆಯುತ್ತದೆ, ಒಳಗೆ ಓದುತ್ತಿರುವವರು ಮುಗಿಸುವ ತನಕ ಕಾಯುತ್ತದೆ. ಅವರ ಕೋಡ್‌ನಲ್ಲಿ ಸಾಲುಗಳನ್ನು ಅಳಿಸಿದ್ದೇ ಜಾಸ್ತಿ, ಬರೆದದ್ದು ಕಮ್ಮಿ.

ನಿಮಗೂ ಯಾರಾದರೂ ಡ್ರೈವರ್ ಕೊಟ್ಟರೆ ಸುಮ್ನೆ ಲೋಡ್, ಅನ್‌ಲೋಡ್ ನೋಡಿ ಸಹಿ ಹಾಕಬೇಡಿ. ಒಂದು ಕಡೆ ಫೈಲ್‌ಗಳನ್ನು ಓದುತ್ತಾ, ಬರೆಯುತ್ತಾ ಇರಿ, ಇನ್ನೊಂದು ಕಡೆ ಕೇಬಲ್ ಕೀಳಿ. ಕೇಸನ್ ಆನ್ ಇರಲಿ. ಕಡೆಯ ಕಂತು ಅದಾದ ಮೇಲೆ ಕೊಡಿ, ಮೊದಲು ಬೇಡವೇ ಬೇಡ.

ಗ್ರಾಹಕರಿಗೆ ಇನ್ನೊಂದು ಡೆಮೋ ಕೊಡುತ್ತೇನೆ ಅಂತ ಬರೆದಿದ್ದೇನೆ. ಇವತ್ತಿನವರೆಗೂ ದಿನ ಹೇಳಿಲ್ಲ.