ಸ್ಪಗೆಟಿ ಜಂಕ್ಷನ್: ಫೋಟೋದಲ್ಲಿ ಗೋಜಲು, ಓಡಿಸುವಾಗ ಸಲೀಸು

ಗ್ರೇವ್ಲಿ ಹಿಲ್ ಇಂಟರ್‌ಚೇಂಜ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುವುದಿಲ್ಲ, ಸ್ಪಗೆಟಿ ಜಂಕ್ಷನ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದೆ, ಎಂ6 ಅನ್ನುವ ಮೋಟಾರ್‌ವೇಯ (ವೇಗದ ಹೆದ್ದಾರಿಯ) 6ನೇ ಜಂಕ್ಷನ್. ಮೇಲಿಂದ ತೆಗೆದ ಫೋಟೋದಲ್ಲಿ ಸ್ಪಗೆಟಿಯ, ಅಂದರೆ ಇಟಲಿಯ ಉದ್ದ ಶಾವಿಗೆಯ, ಹಾಗೆ ಸಿಕ್ಕುಸಿಕ್ಕಾಗಿ ಕಾಣುವ ರಸ್ತೆಗಳನ್ನು ನೋಡಿದವರು ಇದರೊಳಗೆ ಕಾರು ತರುವುದಕ್ಕೇ ಹೆದರುತ್ತಾರೆ. ಆ ಹೆದರಿಕೆ ಬೇಡ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡ್ರೈವರ್‌ಗಳ ಕಡೆಯಿಂದ ನೋಡಿದರೆ ಇದು ತುಂಬಾ ಯೋಚನೆ ಮಾಡಿ ಕಟ್ಟಿದ ಜಂಕ್ಷನ್.

ಯಾಕೆ ಅಂದರೆ, ಒಳಗೆ ಹೋದ ಮೇಲೆ ನಿಮಗೆ ಆ ಗೋಜಲು ಕಾಣಿಸುವುದೇ ಇಲ್ಲ. ಒಂದು ಸಲಕ್ಕೆ ಒಂದೇ ಕವಲು, ಒಂದೇ ಬೋರ್ಡು. ಎಂ6ನಲ್ಲೇ ಮುಂದೆ ಹೋಗುವವರು ನೇರ ಹೋಗುತ್ತಾ ಇದ್ದರೆ ಆಯಿತು, ಇಲ್ಲಿ ಅಷ್ಟು ದೊಡ್ಡ ಜಂಕ್ಷನ್ ಇತ್ತು ಅನ್ನುವುದೂ ಗಮನಕ್ಕೆ ಬರುವುದಿಲ್ಲ. ಊರೊಳಗೆ ಹೋಗುವವರು ಎಡಕ್ಕೆ ಸ್ಲಿಪ್ ರಸ್ತೆ (ಮೋಟಾರ್‌ವೇಯಿಂದ ಕವಲೊಡೆಯುವ ರಸ್ತೆ) ಹಿಡಿದು, ಊರಿನ ನಡುಭಾಗಕ್ಕೆ ಹೋಗುವ ಆಸ್ಟನ್ ಎಕ್ಸ್‌ಪ್ರೆಸ್‌ವೇಗೆ ಸೇರಿಕೊಳ್ಳುತ್ತಾರೆ, ಮಧ್ಯೆ ಸಿಗ್ನಲ್ ಇಲ್ಲ, ನಿಲ್ಲಬೇಕಾಗಿಲ್ಲ. ಸುತ್ತಲಿನ ಬಡಾವಣೆಯ ರಸ್ತೆಗಳೆಲ್ಲ ಕೆಳಗೆ ಸಾಲ್‌ಫರ್ಡ್ ಸರ್ಕಸ್ ಅನ್ನುವ ವೃತ್ತಕ್ಕೆ ಬಂದು ಸೇರುತ್ತವೆ. ವೇಗದ ಗಾಡಿ ಮೇಲೆ, ಊರಿನ ಗಾಡಿ ಕೆಳಗೆ. ಇಷ್ಟೇ ಲೆಕ್ಕ. ಒಂದು ಎಚ್ಚರಿಕೆ ಮಾತ್ರ: ಮೊಬೈಲ್ ಮ್ಯಾಪನ್ನೇ ನಂಬಿಕೊಂಡು ಹೋಗಬೇಡಿ. ಒಂದರ ಮೇಲೊಂದು ರಸ್ತೆ ಇರುವ ಕಡೆ ನೀವು ಯಾವ ಅಂತಸ್ತಿನಲ್ಲಿದ್ದೀರಿ ಅಂತ ಅದಕ್ಕೆ ಗೊಂದಲವಾಗಬಹುದು. ಬೋರ್ಡು ನೋಡಿ, ಬೇಗ ಲೇನ್ ಹಿಡಿಯಿರಿ.

ಇಷ್ಟೊಂದು ಎತ್ತರ, ಇಷ್ಟೊಂದು ತಿರುವು ಯಾಕೆ ಬೇಕಿತ್ತು ಅಂತ ಕೇಳುವವರು ಒಮ್ಮೆ ಕೆಳಗಿಳಿದು ನೋಡಬೇಕು. ನನಗೆ ಈ ಜಾಗದಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ರಸ್ತೆ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ನೆಲ ತುಂಬಿಹೋಗಿತ್ತು. ಗ್ರ್ಯಾಂಡ್ ಯೂನಿಯನ್, ಬರ್ಮಿಂಗ್‌ಹ್ಯಾಮ್ ಅಂಡ್ ಫೇಜ್ಲಿ, ಟೇಮ್ ವ್ಯಾಲಿ ಅಂತ ಮೂರು ಕಾಲುವೆಗಳು ಕೂಡುವುದು ಇಲ್ಲೇ. ಅದರ ಜೊತೆ ಟೇಮ್ ಮತ್ತು ರೇ ನದಿಗಳು, ಮತ್ತೆ ಎರಡು ರೈಲು ಮಾರ್ಗ. ಇದ್ಯಾವುದನ್ನೂ ಸರಿಸುವ ಹಾಗಿರಲಿಲ್ಲ. ಹಾಗಾಗಿ ರಸ್ತೆಗಳನ್ನೇ ಮೇಲೆತ್ತಿ, ಸಿಕ್ಕ ಸಂದಿಯಲ್ಲೆಲ್ಲ ಕಂಬ ಇಳಿಸಬೇಕಾಯಿತು. ಒಟ್ಟು 559 ಕಾಂಕ್ರೀಟ್ ಕಂಬಗಳು, ಐದು ಅಂತಸ್ತು, ಅತಿ ಎತ್ತರದ ಕಂಬ 24 ಮೀಟರಿಗಿಂತ ಜಾಸ್ತಿ. ಈ ಕಂಬ ಎಲ್ಲಿ ಬರಬೇಕು ಅನ್ನುವಾಗ ಕಾಲುವೆ ದೋಣಿಗಳ ಹಗ್ಗವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರಂತೆ! ದಡದಲ್ಲಿ ಕುದುರೆ ನಡೆಯುತ್ತಾ ಹಗ್ಗ ಕಟ್ಟಿ ದೋಣಿ ಎಳೆದರೆ, ಆ ಹಗ್ಗ ಕಂಬಕ್ಕೆ ಸಿಕ್ಕಿಹಾಕಿಕೊಳ್ಳಬಾರದು ಅಂತ. ಮೋಟಾರ್‌ವೇ ಕಟ್ಟುವವರು ಕುದುರೆಯ ದಾರಿಯನ್ನೂ ಮರೆಯಲಿಲ್ಲ ಅನ್ನುವುದು ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ.

ವಿನ್ಯಾಸ ಇಂಜಿನಿಯರ್ ಸರ್ ಓವೆನ್ ವಿಲಿಯಮ್ಸ್ ಅವರ ಸಂಸ್ಥೆಯದ್ದು. ನಕ್ಷೆ ಹೊರಬಂದಾಗಲೇ, 1965ರಲ್ಲಿ, ಸ್ಥಳೀಯ ಪತ್ರಿಕೆಯೊಂದು ಸ್ಪಗೆಟಿ ಅಂತ ಹೆಸರಿಟ್ಟಿತು. ಕೆಲಸ ಶುರುವಾಗಿದ್ದು 1968ರಲ್ಲಿ, ಉದ್ಘಾಟನೆ 1972ರ ಮೇ 24ರಂದು. ಅವತ್ತಿನಿಂದ ಎಂ1, ಎಂ6 ಅನ್ನುವ ಎರಡು ಮೋಟಾರ್‌ವೇ ಹಿಡಿದು ಲಂಡನ್‌ನಿಂದ ಉತ್ತರದ ಕಾರ್ಲೈಲ್ ತನಕ ಮೋಟಾರ್‌ವೇಯಲ್ಲೇ ಹೋಗಬಹುದಾಯಿತು. ಸುಮಾರು 30 ಎಕರೆ ಜಾಗದಲ್ಲಿ 18 ದಾರಿಗಳು. ಇದರಲ್ಲಿ ಎಂ6 ಇರುವುದು 1 ಕಿಲೋಮೀಟರ್ ಮಾತ್ರ, ಸ್ಲಿಪ್ ರಸ್ತೆಗಳೇ 4 ಕಿಲೋಮೀಟರ್.

ಪಕ್ಕದ ಆಸ್ಟನ್ ಎಕ್ಸ್‌ಪ್ರೆಸ್‌ವೇ ಬಗ್ಗೆ ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ಏಳು ಲೇನ್, ಮಧ್ಯೆ ಡಿವೈಡರ್ ಇಲ್ಲ. ಬೆಳಿಗ್ಗೆ ಊರೊಳಗೆ ಹೋಗುವವರಿಗೆ ನಾಲ್ಕು ಲೇನ್, ಹೊರಗೆ ಬರುವವರಿಗೆ ಎರಡು, ನಡುವಿನ ಒಂದು ಖಾಲಿ. ಸಂಜೆ ಅದೇ ಉಲ್ಟಾ. ತಲೆ ಮೇಲಿನ ಸಿಗ್ನಲ್‌ನಲ್ಲಿ ಕೆಂಪು ಗುಣಾಕಾರದ ಗುರುತು ಬಂದರೆ ಆ ಲೇನ್ ನಿಮ್ಮದಲ್ಲ, ಅದರೊಳಗೆ ಹೋಗಲೇಬೇಡಿ. ಹೊಸಬರಿಗೆ ಜಂಕ್ಷನ್‌ಗಿಂತ ಇದೇ ಕಷ್ಟ ಅನ್ನಿಸಬಹುದು. ಆದರೆ ಇರುವ ಅಗಲದಲ್ಲೇ ಎರಡೂ ಹೊತ್ತಿನ ಗಾಡಿಗಳನ್ನು ಸಂಭಾಳಿಸುವ ಈ ಉಪಾಯ ಒಳ್ಳೆಯದೇ ಅಲ್ವಾ?

ಈಗ ದೂರುಗಳು. ಮೊದಲನೆಯದು ಕಾಂಕ್ರೀಟ್. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಮೇಲಿನ ರಸ್ತೆಯ ಜೋಡಣೆಗಳ ಸಂದಿಯಿಂದ ಸೋರಿ ಕೆಳಗಿನ ತೊಲೆಗಳಿಗೆ ಇಳಿದು, ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಹೊರಗಿನ ಕಾಂಕ್ರೀಟ್ ಒಡೆದು ಉದುರುತ್ತದೆ. ಈ ಭಾಗದ ಎತ್ತರಿಸಿದ ಮೋಟಾರ್‌ವೇಗೆಲ್ಲ ಇದೇ ಕಾಯಿಲೆ. ಸರಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ತುಕ್ಕು ತಡೆಯುವ ವ್ಯವಸ್ಥೆ ಅಲ್ಲಲ್ಲಿ ಮಾಡಿದ್ದಾರೆ, ರಿಪೇರಿ ಮಾತ್ರ ಮುಗಿಯುವ ಹಾಗೆ ಕಾಣುವುದಿಲ್ಲ. ನೀರು ಸೋರಿದರೆ ಏನಾಗುತ್ತದೆ ಅಂತ ಕಟ್ಟುವಾಗಲೇ ಇನ್ನೊಂದಿಷ್ಟು ಯೋಚಿಸಬೇಕಿತ್ತು. ಇಡೀ ವಿನ್ಯಾಸದಲ್ಲಿ ನನಗೆ ಕಾಣುವ ದೊಡ್ಡ ತಪ್ಪು ಇದೊಂದೇ.

ಎರಡನೆಯದು ಕೆಳಗಿನ ಜಾಗ. ಕಾಲುವೆ ದಡದಲ್ಲಿ ನಡೆದು ಹೋಗಬಹುದು, ಹೋಗಲೇಬೇಕು ಅಂತ ನಾನು ಹೇಳುತ್ತೇನೆ, ಆದರೆ ಕತ್ತಲು ಜಾಸ್ತಿ, ಗೋಡೆ ತುಂಬಾ ಗೀಚಾಟ, ಮೇಲಿಂದ ಒಂದೇ ಸಮನೆ ಸದ್ದು. ಇದರ ಪಕ್ಕದಲ್ಲೇ ಮನೆ ಮಾಡಿಕೊಂಡಿರುವವರಿಗೆ ಆ ಸದ್ದು, ಆ ಹೊಗೆ ದಿನಾ ಇದ್ದದ್ದೇ. ಸರಾಗವಾಗಿ ದಾಟಿ ಹೋಗುವ ನಮಗೆ ಅದು ಗೊತ್ತಾಗುವುದಿಲ್ಲ.

ಟ್ರಾಫಿಕ್ ವಿಷಯಕ್ಕೆ ಬಂದರೆ, ಇವತ್ತು ದಿನಕ್ಕೆ ಸುಮಾರು 2 ಲಕ್ಷ ಗಾಡಿಗಳು ಇಲ್ಲಿ ಓಡಾಡುತ್ತವೆ. ಇಷ್ಟು ಬರುತ್ತವೆ ಅಂತ ಕಟ್ಟಿದವರು ಅಂದುಕೊಂಡಿರಲೇ ಇಲ್ಲ. ಜಾಮ್ ಆಗುವುದು ನಿಜ, ಆದರೆ ಜಂಕ್ಷನ್ನಿನ ಆಕಾರವನ್ನು ಅದಕ್ಕೆ ಬೈಯುವುದು ಸರಿಯಲ್ಲ, ಎಂ6ನಲ್ಲೇ ಗಾಡಿ ಜಾಸ್ತಿ.

ನನ್ನ ಅಂಕ: ಸೋರಿಕೆಯ ಆ ಒಂದು ತಪ್ಪನ್ನು ಬದಿಗಿಟ್ಟರೆ ವಿನ್ಯಾಸಕ್ಕೆ 5ಕ್ಕೆ 5, ಈಗಿನ ಸ್ಥಿತಿಗೆ 3. ಬರ್ಮಿಂಗ್‌ಹ್ಯಾಮ್‌ಗೆ ಹೋಗುವವರು, ಅಲ್ಲಿಂದ ಬರುವವರು ಆರಾಮಾಗಿ ಬಳಸಿ. ಊರಲ್ಲಿ ಕೆಲಸವೇ ಇಲ್ಲದೆ ಸುಮ್ನೆ ದಾಟಿ ಹೋಗುವವರು, ಅದರಲ್ಲೂ ಸಂಜೆ ಹೊತ್ತಿನಲ್ಲಿ, 2003ರಲ್ಲಿ ಶುರುವಾದ ಎಂ6 ಟೋಲ್ ರಸ್ತೆ ಹಿಡಿಯಿರಿ. ದುಡ್ಡು ಕೊಡಬೇಕು, ಆದರೆ ಸುಮಾರು 43 ಕಿಲೋಮೀಟರ್ ಉದ್ದದ ಆ ರಸ್ತೆ ಊರಿನ ಹೊರಗಿಂದಲೇ ದಾಟಿಸುತ್ತದೆ.