ಜಗಿಯುವ ಕ್ಯಾಲ್ಸಿಯಂ ಮಾತ್ರೆ: ಎರಡೂವರೆ ವರ್ಷ ತಿಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದರ ರುಚಿ ಪೆಪ್ಪರ್‌ಮಿಂಟಿನ ತರ. ಅದಕ್ಕೇ ಕೊಂಡೆ. ಪೇಚಿಗೆ ಬಿದ್ದದ್ದೂ ಅದಕ್ಕೇ.

ನನಗೆ 51 ವರ್ಷ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಒಂದಷ್ಟು ಕರಿಮೆಣಸು. ಎರಡೂವರೆ ವರ್ಷದ ಹಿಂದೆ, ಕಾಫಿ ಕೊಯ್ಲಿನ ಹೊತ್ತಿಗೆ, ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಎದ್ದು ನೆಲಕ್ಕೆ ಕಾಲೂರಿ ನಿಂತರೆ ಮಾತ್ರ ಬಿಡುತ್ತಿತ್ತು. ಕುಶಾಲನಗರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.8, ವಿಟಮಿನ್ ಡಿ 14, ಎರಡೂ ಕಡಿಮೆ. ಡಾಕ್ಟರು ವಾರಕ್ಕೊಂದು ವಿಟಮಿನ್ ಡಿ, ದಿನಕ್ಕೊಂದು ಕಬ್ಬಿಣದ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ಬರೆದರು.

ಆ ಕ್ಯಾಲ್ಸಿಯಂ ಮಾತ್ರೆ ಹಲಸಿನ ಬೀಜದಷ್ಟು ದಪ್ಪ. ಗಂಟಲಲ್ಲಿ ಸಿಕ್ಕಿಕೊಂಡು ಎರಡು ಲೋಟ ನೀರು ಕುಡಿದರೂ ಇಳಿಯುತ್ತಿರಲಿಲ್ಲ. ಸಂಘದ ಮೀಟಿಂಗಿನಲ್ಲಿ ಇದನ್ನು ಹೇಳಿದೆ. ಪಕ್ಕದಲ್ಲಿದ್ದವರು ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. "ಅಕ್ಕಾ, ಇದನ್ನು ಸುಮ್ನೆ ಜಗಿದು ತಿನ್ನಿ. ಗಿಡಮೂಲಿಕೆದು, ಏನೂ ಆಗಲ್ಲ" ಅಂದರು. ಬಾಯಿಗೆ ಹಾಕಿದೆ. ನೆಲ್ಲಿಕಾಯಿಯ ಹುಳಿ, ಹಿಂದೆಯೇ ಒಂದು ಸಿಹಿ. ಅವತ್ತೇ ಆರ್ಡರ್ ಮಾಡಿದೆ. 60 ಮಾತ್ರೆಗೆ 549 ರೂಪಾಯಿ.

ಕಂಪನಿ ಹೆಸರು ಬರೆಯುವುದಿಲ್ಲ. ಇದೇ ತರದ್ದು ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಡಬ್ಬಿಯ ಹಿಂಭಾಗ ಓದುವುದು ಗೊತ್ತಿದ್ದರೆ ಸಾಕು. ನಾನು ಅದನ್ನು ಓದಿದ್ದು ಕೊಂಡು ಏಳು ತಿಂಗಳಾದ ಮೇಲೆ, ಅದೂ ಫಾರ್ಮಸಿ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದು ಕೂರಿಸಿಕೊಂಡು ಓದಿಸಿದಾಗ.

ಎದುರಿಗೆ ದೊಡ್ಡದಾಗಿ 1250 ಅಂತ ಇತ್ತು. ಅಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ ಅಂತಲೇ ನಾನು ತಿಳಿದಿದ್ದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ ನೂರಕ್ಕೆ 40 ಭಾಗ, ಅಂದರೆ 500. ಅದೂ ಒಂದು ಮಾತ್ರೆಯದ್ದಲ್ಲ, ಎರಡು ಮಾತ್ರೆಯದ್ದು. ಒಂದು ಸಲಕ್ಕೆ ಎರಡು ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಹಾಗಾಗಿ ಒಂದಕ್ಕೆ ಸಿಗುವುದು 250. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಎಂದು ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಅದರಲ್ಲಿ ಊಟದಿಂದ ಬರುವುದನ್ನು ಕಳೆದು, ಕಡಿಮೆ ಬಿದ್ದಷ್ಟನ್ನು ಮಾತ್ರೆ ತುಂಬಬೇಕು.

ಇನ್ನು ಗಿಡಮೂಲಿಕೆ. ಡಬ್ಬಿಯ ಮೇಲೆ ನುಗ್ಗೆಸೊಪ್ಪಿನ ದೊಡ್ಡ ಹಸಿರು ಚಿತ್ರ. ಹಿಂದೆ ನೋಡಿದರೆ ನುಗ್ಗೆಸೊಪ್ಪಿನ ಪುಡಿ 50 ಮಿಲಿಗ್ರಾಂ. ಒಣಗಿದ ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ ಎರಡರಷ್ಟು ಅಂತ ಲೆಕ್ಕ ಹಿಡಿಯಿರಿ. 50 ಮಿಲಿಗ್ರಾಂ ಪುಡಿಯಲ್ಲಿ ಎಷ್ಟಾಯಿತು? ಒಂದು ಮಿಲಿಗ್ರಾಂ. ನಮ್ಮ ಹಿತ್ತಿಲ ನುಗ್ಗೆಮರ ನೋಡಿ ನಗು ಬಂತು. ಮಂಗರಬಳ್ಳಿಯನ್ನು ಮೂಳೆಗೆ ಒಳ್ಳೆಯದು ಅಂತ ಹಿಂದಿನಿಂದಲೂ ಬಳಸುತ್ತಾರೆ, ಸರಿ. ಆದರೆ ಇದರಲ್ಲಿ ಇದ್ದದ್ದು ಹೆಸರಿಗೆ ಮಾತ್ರ. ಮೂಳೆಯ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಸುಣ್ಣದಂಥ ಆ ಕಾರ್ಬೊನೇಟ್. ಸೊಪ್ಪು ಬೆಲೆ ಏರಿಸಲು.

ಹಾಗಾದರೆ ಪ್ರಯೋಜನ ಆಗಲಿಲ್ಲವಾ? ಆಯಿತು. ಮೂರನೇ ತಿಂಗಳಿಗೆ ಕಾಲು ಹಿಡಿಯುವುದು ಬಹಳ ಕಡಿಮೆಯಾಯಿತು. ಇದು ಈ ಮಾತ್ರೆಯದೇ ಮಹಿಮೆ ಅಂತ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಅದೇ ಸಮಯದಲ್ಲಿ ಡಾಕ್ಟರು ಕೊಟ್ಟ ವಿಟಮಿನ್ ಡಿ ಕೂಡ ನಡೆಯುತ್ತಿತ್ತು. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ರಕ್ತಕ್ಕೇ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ನೋಡದ ಊರು ನಮ್ಮದು. ಉಳಿದ ತಿಂಗಳು ತೋಟದ ನೆರಳು, ತಲೆಗೆ ಬಟ್ಟೆ, ಮೈಗೆ ತುಂಬುತೋಳಿನ ಅಂಗಿ. ಇನ್ನೊಂದು ವಿಷಯ, ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದೆ ಅಂದರೆ ಮೂಳೆ ಗಟ್ಟಿ ಇದೆ ಅಂತಲ್ಲ. ರಕ್ತಕ್ಕೆ ಕಡಿಮೆ ಬಿದ್ದರೆ ಮೈ ಅದನ್ನು ಮೂಳೆಯಿಂದ ಎಳೆದುಕೊಳ್ಳುತ್ತದೆ.

ಹಿಮೋಗ್ಲೋಬಿನ್ ಮಾತ್ರ ಮೇಲೇಳಲೇ ಇಲ್ಲ. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ತಿಂದರೂ ಹತ್ತರ ಆಸುಪಾಸು. "ಮಾತ್ರೆ ಯಾವಾಗ ತಿಂತೀರಮ್ಮಾ?" ಅಂತ ಡಾಕ್ಟರು ಕೇಳಿದರು. ನನ್ನದು ಒಂದೇ ಹೊತ್ತು. ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು, ಕಬ್ಬಿಣದ ಮಾತ್ರೆ ನುಂಗಿ, ಮೇಲೆ ಈ ಜಗಿಯುವುದು ಎರಡು, ಅದರ ಮೇಲೆ ಒಂದು ಲೋಟ ಬೆಲ್ಲದ ಕಾಫಿ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಕಾಫಿ, ಟೀ ಇನ್ನೂ ಅಡ್ಡ. ನಾನು ಎರಡನ್ನೂ ಸೇರಿಸಿ ಕಬ್ಬಿಣಕ್ಕೆ ಬಾಗಿಲು ಹಾಕಿದ್ದೆ. ಆಮೇಲೆ ಕಬ್ಬಿಣದ ಮಾತ್ರೆಯನ್ನು ಹನ್ನೊಂದು ಗಂಟೆಗೆ ನಿಂಬೆ ಶರಬತ್ತಿನ ಜೊತೆ ತೆಗೆದುಕೊಂಡೆ. ಒಂದು ಗಂಟೆ ಆಚೀಚೆ ಕಾಫಿ ಇಲ್ಲ. ಕಾಫಿ ಬೆಳೆಯುವವರ ಮನೆಯಲ್ಲಿ ಇದೆಷ್ಟು ಕಷ್ಟ ಅಂತ ಬೇರೆ ಊರಿನವರಿಗೆ ಗೊತ್ತಾಗುವುದಿಲ್ಲ. ತೋಟದಿಂದ ಯಾರೇ ಬಂದರೂ ಒಲೆ ಮೇಲೆ ಪಾತ್ರೆ ಇರುತ್ತದೆ, ನಮ್ಮ ಕೈಗೂ ಒಂದು ಲೋಟ ಬರುತ್ತದೆ. ಆದರೂ ಐದು ತಿಂಗಳಲ್ಲಿ 11.6 ಆಯಿತು.

ಇದಕ್ಕಿಂತ ದೊಡ್ಡ ತಪ್ಪು ಥೈರಾಯ್ಡ್ ಮಾತ್ರೆಯದ್ದು. ಎಂಟು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಅದನ್ನು ತಿನ್ನುತ್ತೇನೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಇದು ಏರಿದರೆ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲ ಅಂತ) ಮೂರರ ಹತ್ತಿರ ನಿಂತಿತ್ತು. ಆ ವರ್ಷ ಜುಲೈನಲ್ಲಿ ನೋಡಿದರೆ ಒಂಬತ್ತು ದಾಟಿದೆ. ಸುಸ್ತು, ಮುಖ ಊದಿದ ಹಾಗೆ. ಮಳೆಗಾಲದ ಜಡ್ಡು ಅಂದುಕೊಂಡಿದ್ದೆ. ಕ್ಯಾಲ್ಸಿಯಂ ಆಗಲಿ ಕಬ್ಬಿಣವಾಗಲಿ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಬೇಕು. ಇಲ್ಲದಿದ್ದರೆ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತವೆ. ಡೋಸು ಹೆಚ್ಚಿಸದೆ, ಬರೀ ಹೊತ್ತು ಬದಲಿಸಿದ್ದಕ್ಕೇ ಎರಡು ತಿಂಗಳಲ್ಲಿ ನಾಲ್ಕಕ್ಕೆ ಇಳಿಯಿತು. ಕೆಲವು ಆಂಟಿಬಯೋಟಿಕ್‌ಗಳಿಗೂ ಇದೇ ಕಥೆಯಂತೆ, ಜ್ವರಕ್ಕೆ ಏನಾದರೂ ಬರೆಸಿಕೊಂಡಾಗ ಕೇಳಿಕೊಳ್ಳಿ. ಇದರ ಬಗ್ಗೆ ಡಬ್ಬಿಯ ಮೇಲೆ ಒಂದು ಸಾಲೂ ಇರಲಿಲ್ಲ.

ಅದೇ ಜುಲೈನಲ್ಲಿ ಡಬ್ಬಿಯೂ ಕೆಟ್ಟಿತು. ನಮ್ಮಲ್ಲಿ ಆ ತಿಂಗಳು ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಈ ಮಾತ್ರೆಯನ್ನು ಬಿಡುತ್ತದಾ? ದಿನಕ್ಕೆರಡು ಸಲ ಮುಚ್ಚಳ ತೆಗೆದು ಹಾಕಿ, ಒಳಗಿನ ಮಾತ್ರೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಮೇಲೆಲ್ಲ ಕಂದು ಚುಕ್ಕೆ. ನಮ್ಮ ಮನೆಯವರು ಅದನ್ನು ಒಯ್ದು ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಹೊಗೆ ವಾಸನೆಯೂ ಸೇರಿಕೊಂಡಿತು. ಕಂಪನಿಯವರಿಗೆ ಫೋಟೋ ಸಮೇತ ಎರಡು ಸಲ ಬರೆದೆ. ಒಂದು ಧನ್ಯವಾದದ ಮೆಸೇಜ್ ಬಂತು, ಅಷ್ಟೇ. ನಮ್ಮ ಕಡೆಯವರಿಗೆ ನನ್ನ ಸಲಹೆ, ಡಬ್ಬಿ ಬೇಡ. ಒಂದೊಂದು ಮಾತ್ರೆ ಬೇರೆ ಬೇರೆ ಸೀಲ್ ಆಗಿರುವ ಸ್ಟ್ರಿಪ್ ತೆಗೆದುಕೊಳ್ಳಿ.

ಈಗ ನಮ್ಮ ಮನೆಯವರ ವಿಷಯ. ಅವರಿಗೆ ಬಿಪಿ ಇದೆ, ಮಾತ್ರೆ ತಿನ್ನುತ್ತಾರೆ, 130ರ ಸುತ್ತ ನಿಂತಿತ್ತು. ಆ ವರ್ಷ ಡಿಸೆಂಬರ್‌ನಲ್ಲಿ 156/96. ಕಾಲಿನ ಹರಡಿನ ಹತ್ತಿರ ಬಾವು ಬೇರೆ. "ಬೇರೆ ಏನಾದರೂ ಔಷಧಿ ತಗೊಳ್ತೀರಾ?" ಅಂತ ಡಾಕ್ಟರು ಕೇಳಿದರೆ ಇವರು ಇಲ್ಲ ಅಂದರು. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಊಟ ಆದ ಮೇಲೆ ನನ್ನ ಡಬ್ಬಿಗೆ ಕೈ ಹಾಕಿ ಎರಡೆರಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತೋಟಕ್ಕೆ ಹೋಗುವಾಗ ಜೇಬಿಗೂ. ದಿನಕ್ಕೆ ಆರೇಳು. ಡಬ್ಬಿ ಬೇಗ ಖಾಲಿಯಾಗುತ್ತಿದೆ ಅಂತ ನಾನು ಕಂಪನಿಯನ್ನು ಬೈಯುತ್ತಿದ್ದೆ!

ಅಕ್ಕನ ಮಗಳಿಗೆ ಫೋನ್ ಮಾಡಿದರೆ, "ಚಿಕ್ಕಮ್ಮಾ, ಆ ಸಿಹಿ ಯಾವುದರದ್ದು ನೋಡಿ" ಅಂದಳು. ಜ್ಯೇಷ್ಠಮಧು. ಅದನ್ನು ಜಾಸ್ತಿ ದಿನ, ಜಾಸ್ತಿ ತಿಂದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಮಾತ್ರೆ ನಿಲ್ಲಿಸಿ ಮೂರು ವಾರಕ್ಕೆ 134 ಆಯಿತು. ಪೂರ್ತಿ ತಪ್ಪು ಮಾತ್ರೆಯದ್ದೇ ಅಂತ ಡಾಕ್ಟರು ಒಪ್ಪಲಿಲ್ಲ. ಇವರ ಒಣಮೀನು, ಹಂದಿ ಉಪ್ಪಿನಕಾಯಿಯನ್ನೂ ಅದೇ ದಿನ ನಿಲ್ಲಿಸಿದ್ದೆವಲ್ಲ.

ಗಿಡಮೂಲಿಕೆ ಅಂದರೆ ಏನೂ ಆಗಲ್ಲ ಅನ್ನುವ ಮಾತನ್ನು ಕೊಡಗಿನವರಾದ ನಾವು ನಂಬಿದ್ದೇ ತಮಾಷೆ. ಆಟಿ ತಿಂಗಳ ಹದಿನೆಂಟಕ್ಕೆ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಬೇಯಿಸಿ ಪಾಯಸ ಮಾಡಿ ತಿನ್ನುತ್ತೇವೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಒಂದು ಸೊಪ್ಪು ಮೈಯೊಳಗೆಲ್ಲ ಓಡಾಡಿ ಬರುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಅದನ್ನೂ ನಮ್ಮ ಹಿರಿಯರು ವರ್ಷಕ್ಕೊಂದು ಸಲ ಅಂತ ಇಟ್ಟರೇ ಹೊರತು ದಿನಕ್ಕೆ ಆರು ಅನ್ನಲಿಲ್ಲ. ಅಶ್ವಗಂಧ ಹಾಕಿದ ಜಗಿಯುವ ಮಾತ್ರೆಗಳೂ ಈಗ ಬಂದಿವೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ನಾನಂತೂ ಮುಟ್ಟುವುದಿಲ್ಲ.

ಮಕ್ಕಳ ವಿಷಯ ಒಂದೇ ಮಾತು. ತಂಗಿಯ ಮಗ ಬಂದವನು "ದೊಡ್ಡಮ್ಮಾ, ಆ ಚಾಕಲೇಟ್ ಕೊಡಿ" ಅಂತ ಈ ಡಬ್ಬಿಯನ್ನೇ ತೋರಿಸಿದ. ಅವತ್ತಿನಿಂದ ಬೀರುವಿನೊಳಗೆ ಬೀಗ. ಕಬ್ಬಿಣ ಇರುವ ಮಾತ್ರೆಯನ್ನು ಚಿಕ್ಕ ಮಗು ಒಂದೇ ಸಲಕ್ಕೆ ಹತ್ತಾರು ತಿಂದರೆ ಜೀವಕ್ಕೇ ಅಪಾಯ.

ಇಷ್ಟೆಲ್ಲ ಆದ ಮೇಲೆ ಕಂಪನಿ ಬದಲಿಸಿದೆ. ಎರಡನೆಯ ಕಂಪನಿಯದ್ದು ಎರಡು ತಿಂಗಳಿಗೇ ಬಿಟ್ಟೆ. ಸಕ್ಕರೆ ಬದಲು ಸಾರ್ಬಿಟಾಲ್ ಅನ್ನುವ ಸಿಹಿ ಹಾಕಿದ್ದರು, ಹೊಟ್ಟೆ ಗುಡುಗುಡು. ಮೊದಲಿನದ್ದರಲ್ಲಿ ಮಲಬದ್ಧತೆ, ಇದರಲ್ಲಿ ಉಲ್ಟಾ. ಈಗ ಒಂದೂವರೆ ವರ್ಷದಿಂದ ಮೂರನೆಯದ್ದು. ಸಿಟ್ರೇಟ್ ರೂಪದ ಕ್ಯಾಲ್ಸಿಯಂ, ಜೊತೆಗೆ ಡಿ, ಸ್ವಲ್ಪ ಸತು, ರುಚಿಗೆ ನೆಲ್ಲಿಕಾಯಿ. ಕಬ್ಬಿಣ ಇಲ್ಲ, ಜ್ಯೇಷ್ಠಮಧು ಇಲ್ಲ. ಕಾರ್ಬೊನೇಟನ್ನು ಊಟದ ಜೊತೆಗೇ ತಿನ್ನಬೇಕು, ಅದು ಕರಗಲು ಹೊಟ್ಟೆಯ ಆಸಿಡ್ ಬೇಕು. ಸಿಟ್ರೇಟಿಗೆ ಆ ಹಂಗಿಲ್ಲ. ದಿನಾ ಗ್ಯಾಸ್ ಮಾತ್ರೆ ತಿನ್ನುವವರಿಗೆ ಅದೇ ವಾಸಿ. ಆದರೆ ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ 21 ಮಾತ್ರ, ಅದಕ್ಕೇ ಮಾತ್ರೆ ದಪ್ಪ, ಬೆಲೆಯೂ ಜಾಸ್ತಿ. ಯಾವುದೇ ಆದರೂ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಿ ತಿಂದರೆ ಮೈಗೆ ಹಿಡಿಯುವ ಪಾಲು ಕಡಿಮೆಯಾಗುತ್ತದೆ. ನಾನು ಮಧ್ಯಾಹ್ನ ಒಂದು, ರಾತ್ರಿ ಒಂದು ತಿನ್ನುತ್ತೇನೆ. ತಿಂದ ಮೇಲೆ ಬಾಯಿ ಮುಕ್ಕಳಿಸುತ್ತೇನೆ, ಹಲ್ಲಿನ ಸಂದಿಯಲ್ಲಿ ಆ ಹುಳಿ ಪುಡಿ ಕೂರುತ್ತದೆ.

ಕೊಳ್ಳುವಾಗ ಲೈಸೆನ್ಸ್ ನೋಡುತ್ತೇನೆ. ಅಂಗಡಿಯ ಒಂದೇ ಕಪಾಟಿನಲ್ಲಿ ಎರಡು ಜಾತಿ ಇರುತ್ತವೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದ್ದರೆ ಕಾನೂನಿನ ಪ್ರಕಾರ ಅದು ಆಹಾರ, ಔಷಧಿಯಾಗಿ ಬಳಸಲು ಅಲ್ಲ ಅಂತ ಅದರ ಮೇಲೇ ಬರೆದಿರಬೇಕು. ಅಂಥದ್ದರ ಎದುರಿಗೆ ಮಂಡಿನೋವು ಗುಣವಾಗುತ್ತದೆ ಅಂತ ಹಾಕಿದ್ದರೆ ಅಲ್ಲೇ ಇಟ್ಟು ಬನ್ನಿ. ಇನ್ನೊಂದು ಆಯುರ್ವೇದ ಔಷಧಿ, ಅದಕ್ಕೆ ಬೇರೆ ತಯಾರಿಕಾ ಲೈಸೆನ್ಸ್. ಅದರಲ್ಲಿ ಭಸ್ಮಗಳಿದ್ದರೆ (ಲೋಹ, ಖನಿಜ ಸುಟ್ಟು ಮಾಡಿದ ಪುಡಿ) ವೈದ್ಯರನ್ನು ಕೇಳದೆ ತಿನ್ನಬೇಡಿ. ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರಂತೆ. 2008ರಲ್ಲಿ ಬಂದ ವರದಿ. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸಂತೆಯಲ್ಲಿ ಚೀಟಿಯೇ ಇಲ್ಲದೆ ಮಾರುವ ಪುಡಿಯಲ್ಲಿ ಏನಿರುತ್ತದೋ. ಕಿಡ್ನಿಯಲ್ಲಿ ಕಲ್ಲು ಆದವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ಈ ವಿಮರ್ಶೆ ಓದಿ ಕೊಳ್ಳಬೇಡಿ. ಡಾಕ್ಟರನ್ನು ಕೇಳಿ.

ದುಡ್ಡಿನ ಲೆಕ್ಕ ಹೇಳುವುದಾದರೆ, ನುಂಗುವ ಸಾದಾ ಮಾತ್ರೆಗೆ ಇದರ ಅರ್ಧವೂ ಆಗುವುದಿಲ್ಲ. ಗಂಟಲಲ್ಲಿ ಇಳಿಯುವವರಿಗೆ ಅದೇ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ತಿನ್ನುವವರಿಗೆ ಅರ್ಧ ಕೆಲಸ ಊಟದಲ್ಲೇ ಮುಗಿಯಿತು. ನಮ್ಮದು ಮೂರು ಹೊತ್ತೂ ಅಕ್ಕಿ. ರಾತ್ರಿಗೆ ರಾಗಿ ಗಂಜಿ ಶುರು ಮಾಡಿದ್ದೇನೆ. ಇವರು ಮೂಗು ಮುರಿಯುತ್ತಾರೆ.

ಮೊದಲ ಡಬ್ಬಿಗೆ ಐದರಲ್ಲಿ ಎರಡು ನಕ್ಷತ್ರ, ಆ ಎರಡೂ ರುಚಿಗೆ. ಈಗಿನದ್ದಕ್ಕೆ ಮೂರೂವರೆ. ಇದರ ರುಚಿ ಅಷ್ಟಕ್ಕಷ್ಟೇ, ಸೀಮೆಸುಣ್ಣಕ್ಕೆ ನಿಂಬೆಹುಳಿ ಹಿಂಡಿದ ಹಾಗೆ. ಇವರು ಒಂದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು, ಮತ್ತೆ ಕೇಳಿಲ್ಲ. ಈಗ ಊಟ ಆದ ಮೇಲೆ ಸೋಂಪು ಜಗಿಯುತ್ತಾರೆ.