ಹಳೇ ಮಾರುತಿ 800 ಇಟ್ಕೊಂಡಿರೋರು ಹೊಸ ಬ್ಯಾಟರಿ ತಗೊಳೋ ಮುಂಚೆ ಒಂದ್ಸಲ ಇಲ್ಲಿಗೆ ಹೋಗಿ

ಬೆಂಗಳೂರಿನ ಜೆ.ಸಿ. ರೋಡ್ ಒಳಗಡೆ ಗಲ್ಲೀಲಿರೋ ಸಣ್ಣ ಅಂಗಡಿ ಇದು, ಡೈನಮೋ (ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್) ಮತ್ತೆ ಸೆಲ್ಫ್ ಮೋಟಾರ್ (ಇಂಜಿನ್ ಸ್ಟಾರ್ಟ್ ಮಾಡೋದು) ಬಿಟ್ರೆ ಬೇರೆ ಕೆಲ್ಸಕ್ಕೆ ಕೈ ಹಾಕಲ್ಲ. ನಮ್ದು 1998 ಮಾಡೆಲ್ ಮಾರುತಿ 800, ಕಾರ್ಬುರೇಟರ್ ಗಾಡಿ. ಸಿಗ್ನಲ್‌ನಲ್ಲಿ ನಿಂತ್ರೆ ಹೆಡ್‌ಲೈಟ್ ಮಂಕಾಗೋದು, ಆಕ್ಸಿಲರೇಟರ್ ಒತ್ತಿದ್ರೆ ಸ್ವಲ್ಪ ಬೆಳಕು ಬರೋದು, ಹಾರ್ನ್ ಗಂಟ್ಲು ಕಟ್ಟಿದ ಹಾಗೆ ಹೊಡ್ಕೊಳೋದು, ಬೆಳಗ್ಗೆ ಎದ್ದು ಕೀ ತಿರುಗ್ಸಿದ್ರೆ ಸೆಲ್ಫ್ ಎಳೀತಾನೇ ಇರ್ಲಿಲ್ಲ. ಗಾಡಿ ಓಡ್ತಿರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಲೈಟ್ ತೀರಾ ಸಣ್ಣಗೆ ಉರೀತಿತ್ತು, ರಾತ್ರಿ ಮಾತ್ರ ಕಾಣ್ಸೋಷ್ಟು. ಮನೆ ಹತ್ರ ಬ್ಯಾಟರಿ ಅಂಗಡಿಯೋರು ಮೀಟರ್ ಕೂಡ ಇಡ್ದೆ ಹೊಸ ಬ್ಯಾಟರಿ ಹಾಕ್ಸಿ ಅಂದ್ರು, ಇನ್ನೊಬ್ರು ಮೆಕ್ಯಾನಿಕ್ ಡೈನಮೋನೇ ಬದಲಾಯಿಸ್ಬೇಕು ಅಂದ್ರು.

ಇಲ್ಲಿ ಅಂಗಡಿ ಭಾಯ್ ಮೊದ್ಲು ಏನೂ ಬಿಚ್ಲಿಲ್ಲ. ಬೆಲ್ಟ್‌ನ ಹೆಬ್ಬೆರಳಲ್ಲಿ ಒತ್ತಿ ನೋಡಿದ್ರು, ಟರ್ಮಿನಲ್ ಅಲ್ಲಾಡಿಸಿದ್ರು, ಆಮೇಲೆ ಇಂಜಿನ್ ಆಫ್ ಇದ್ದಾಗ ಬ್ಯಾಟರಿ ಮೇಲೆ ಮೀಟರ್ ಇಟ್ರು, 12.2 ವೋಲ್ಟ್ ಬಂತು. ಫುಲ್ ಚಾರ್ಜ್ ಆಗಿದ್ರೆ 12.6 ಹತ್ರ ಇರ್ಬೇಕು ಸಾರ್, ಇದು ಅರ್ಧಕ್ಕಿದೆ, ಆದ್ರೆ ಅರ್ಧಕ್ಕಿರೋ ಬ್ಯಾಟರಿ ಸತ್ತಿರೋ ಬ್ಯಾಟರಿ ಅಲ್ಲ ಅಂದ್ರು. ಸ್ಟಾರ್ಟ್ ಮಾಡಿ ನೋಡಿದ್ರೆ 13 ಕೂಡ ಮುಟ್ಲಿಲ್ಲ, ಹೆಡ್‌ಲೈಟು ಬ್ಲೋಯರ್ ಎರಡೂ ಹಾಕಿದ್ರೆ ಇನ್ನೂ ಕೆಳಗಿಳೀತು. ಗಾಡಿ ಓಡ್ತಿದ್ದಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.5 ಒಳಗೆ ಇರ್ಬೇಕು. ಬೇರೆಯವರಾಗಿದ್ರೆ ಇಲ್ಲಿಗೇ ಡೈನಮೋ ಬಿಚ್ಚೋಕೆ ಸ್ಪ್ಯಾನರ್ ತಗೊಂಡಿರೋರು.

ಇವ್ರು ಡೈನಮೋ ಹಿಂದೆ ದಪ್ಪ ವೈರ್ ಬರುತ್ತಲ್ಲ, ಆ ಪಾಯಿಂಟ್ ಮೇಲೇ ಮೀಟರ್ ಇಟ್ಟು ಅಳೆದ್ರು. 14.1! ಅಂದ್ರೆ ಡೈನಮೋ ಸರಿಯಾಗೇ ಕರೆಂಟ್ ತಯಾರು ಮಾಡ್ತಿದೆ, ಬ್ಯಾಟರಿಗೆ ಸೇರ್ತಿಲ್ಲ ಅಷ್ಟೆ. ಮೀಟರಿನ ಒಂದು ಕಡ್ಡಿ ಡೈನಮೋ ಪಾಯಿಂಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಇಟ್ಟು ಲೈಟೆಲ್ಲಾ ಆನ್ ಮಾಡಿ ತೋರ್ಸಿದ್ರು, ಒಂದು ವೋಲ್ಟ್ ಮೇಲೆ ದಾರೀಲೇ ಹೋಗ್ತಿತ್ತು, 0.2 ದಾಟಬಾರ್ದಂತೆ. ಅದೇ ರೀತಿ ಡೈನಮೋ ಬಾಡಿಗೂ ಬ್ಯಾಟರಿ ಮೈನಸ್ಸಿಗೂ ನೋಡಿದ್ರು, ಅರ್ತ್ ಪರ್ವಾಗಿಲ್ಲ. ಕೊನೆಗೆ ಆ ದಪ್ಪ ವೈರಿನ ತುದೀಲಿರೋ ಲಗ್ (ಬೋಲ್ಟಿಗೆ ಕೂರಿಸೋ ಲೋಹದ ಬಳೆ) ಮುಟ್ಟಿ ನೋಡಿ ಅಂದ್ರು, ಚೆನ್ನಾಗಿ ಬಿಸಿಯಾಗಿತ್ತು, ಕಟ್ ಮಾಡಿದ್ರೆ ಒಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಡ್ಯಾಶ್‌ಬೋರ್ಡಿನ ಆ ಬ್ಯಾಟರಿ ಲೈಟ್ ಸಣ್ಣಗೆ ಉರೀತಿದ್ದಿದ್ದಕ್ಕೂ ಇದೇ ಕಾರಣ, ಬಲ್ಬಿನ ಒಂದು ಕಡೆ ಡೈನಮೋ ವೋಲ್ಟೇಜು, ಇನ್ನೊಂದು ಕಡೆ ಬ್ಯಾಟರಿ ವೋಲ್ಟೇಜು, ಎರಡೂ ಸಮ ಇದ್ರೆ ತಾನೇ ಆರೋದು. ಡೈನಮೋ ಒಳಗೆ ಎಸಿ ಕರೆಂಟನ್ನ ಡಿಸಿ ಮಾಡೋ ಡಯೋಡ್ ಹೋಗಿದ್ರೂ ಹಿಂಗೇ ಮಿಣಮಿಣ ಅನ್ನುತ್ತೆ ಅಂತ ಮೀಟರನ್ನ ಎಸಿಗೆ ತಿರುಗ್ಸಿ ಅದನ್ನೂ ಚೆಕ್ ಮಾಡಿದ್ರು, ಅರ್ಧ ವೋಲ್ಟಿಗಿಂತ ತುಂಬಾ ಕಮ್ಮಿ ಬಂತು, ಡಯೋಡ್ ಓಕೆ.

ಹೊಸ ವೈರು, ಲಗ್, ಕೂಲಿ ಎಲ್ಲಾ ಸೇರಿ 450 ರೂಪಾಯಿ. ಈಗ ಬ್ಯಾಟರಿ ಮೇಲೆ 14 ಬರ್ತಿದೆ, ಬ್ಯಾಟರಿ ಹಳೇದೇ ಇದೆ. ಡೈನಮೋ ಒಳಗಿನ ಕಾರ್ಬನ್ ಬ್ರಷ್ ಕೂಡ ಬದಲಾಯ್ಸಿಬಿಡಿ ಅಂದೆ, ಚೆನ್ನಾಗಿ ಚಾರ್ಜ್ ಮಾಡ್ತಿರೋದನ್ನ ಸುಮ್ನೆ ಯಾಕ್ ಬಿಚ್ತೀರಾ ಸಾರ್ ಅಂತ ಬೇಡ ಅಂದ್ರು, ದುಡ್ಡು ಬರೋ ಕೆಲ್ಸ ಬೇಡ ಅನ್ನೋರು ಎಲ್ಲಿ ಸಿಗ್ತಾರೆ ಹೇಳಿ.

ಇನ್ನೊಂದು ವಿಷ್ಯಕ್ಕೆ ನಂಗೆ ಇವ್ರ ಮೇಲೆ ಗೌರವ. ನಾನಿದ್ದಾಗ ಒಬ್ರು ಬಂದು, ಇಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು ನೋಡಿ ಭಾಯ್, ಆಫ್ ಆಗ್ಲಿಲ್ಲ ಅಂದ್ರೆ ಡೈನಮೋ ಸರಿ ಅಂತಾರಲ್ಲ ಅಂದ್ರು. ಭಾಯ್ ಖಡಾಖಂಡಿತ ಆಗಲ್ಲ ಅಂದ್ರು. ಹಂಗೆ ಕಿತ್ರೆ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಹಾರಿ ಡಯೋಡು, ರೆಗ್ಯುಲೇಟರ್ ಸುಟ್ಟು ಹೋಗ್ಬೋದು, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರೋ) ಗಾಡಿ ಆದ್ರೆ ಇಂಜಿನ್ ಕಂಪ್ಯೂಟರ್ ಇಸಿಎಂಗೇ ಕಂಟಕ. ಹಳ್ಳಿ ಕಡೆ, ಹೈವೇ ಪಕ್ಕ ಇನ್ನೂ ಈ ಟೆಸ್ಟ್ ಮಾಡ್ತಾರೆ, ದಯವಿಟ್ಟು ನಿಮ್ ಗಾಡಿಗೆ ಮಾಡೋಕೆ ಬಿಡ್ಬೇಡಿ.

ತೊಂದ್ರೆ ಅಂದ್ರೆ ಪಾರ್ಕಿಂಗ್ ಇಲ್ವೇ ಇಲ್ಲ, ಮಧ್ಯಾಹ್ನದ ಮೇಲೆ ಹೋದ್ರೆ ಕಾಯ್ಬೇಕು, ಕೂರೋಕೆ ಒಂದ್ ಸ್ಟೂಲ್ ಅಷ್ಟೆ. ಬಿಲ್ ಕೈಬರಹದ್ದು. ಭಾನುವಾರ ರಜ. ಗಾಡಿ ರಾತ್ರಿ ನಿಂತಿದ್ದಾಗ್ಲೇ ಬ್ಯಾಟರಿ ಇಳೀತಿದೆ ಅನ್ನೋ ಕಂಪ್ಲೇಂಟ್ ಇದ್ರೆ ಅದನ್ನ ಮೊದ್ಲೇ ಹೇಳಿ, ಆಗ ಮೈನಸ್ ವೈರ್ ಬಿಚ್ಚಿ ಮಧ್ಯೆ ಮೀಟರ್ ಹಾಕಿ ಎಷ್ಟು ಕರೆಂಟ್ ಸೋರ್ತಿದೆ ಅಂತ ನೋಡ್ತಾರೆ, 50 ಮಿಲಿ ಆಂಪ್ ದಾಟಿದ್ರೆ ಒಂದೊಂದೇ ಫ್ಯೂಸ್ ತೆಗೆದು ಹುಡುಕ್ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ, ಬೆಳಗ್ಗೇನೇ ಹೋಗಿ.